ಎರಡು ಹಾಳೆಯ ವಿಲ್, ನಾಲ್ಕು ಪಾಲಿನ ಮನೆ

ಅಪ್ಪ ಬರೆದಿಟ್ಟಿದ್ದ ವಿಲ್ ಎರಡೇ ಹಾಳೆ. ಮಾಮೂಲಿ ಬಿಳಿ ಕಾಗದ, ಟೈಪ್ ಮಾಡಿಸಿದ್ದು, ಎಡಮೂಲೆಗೊಂದು ಸ್ಟೇಪ್ಲರ್ ಪಿನ್ನು. ಎರಡನೇ ಹಾಳೆಯ ಕೊನೆಗೆ ಅಪ್ಪನ ಸಹಿ, ಅದರ ಕೆಳಗೆ ಇಬ್ಬರು ಸಾಕ್ಷಿಗಳದ್ದು. ಮೊದಲ ಹಾಳೆಯಲ್ಲಿ ಯಾರ ಸಹಿಯೂ ಇರಲಿಲ್ಲ. ಮೈಸೂರಿನ ಮನೆ ಅಣ್ಣನಿಗೆ ಸೇರತಕ್ಕದ್ದು ಎಂಬ ಸಾಲು ಇದ್ದದ್ದು ಆ ಹಾಳೆಯಲ್ಲೇ. ಬೆಳಕಿಗೆ ಹಿಡಿದರೆ ಎರಡನೇ ಹಾಳೆಯ ಮೂಲೆಯಲ್ಲಿ ಪಿನ್ನು ಚುಚ್ಚಿದ ತೂತು ಎರಡು ಜೊತೆ, ಮೊದಲನೆಯದರಲ್ಲಿ ಒಂದೇ ಜೊತೆ. ಸಹಿ ಇದ್ದ ಹಾಳೆಗೆ ಹಿಂದೆ ಬೇರೇನೋ ಕಾಗದ ಸೇರಿಸಿ ಪಿನ್ನು ಹೊಡೆದಿದ್ದಿರಬಹುದು, ಮೊದಲ ಹಾಳೆಯನ್ನೇ ಬದಲಿಸಿದ್ದಿರಲೂಬಹುದು. ಯಾವುದು ನಿಜ ಎಂದು ಕೊನೆಗೂ ಯಾರೂ ತೀರ್ಮಾನಿಸಲಿಲ್ಲ. ಆ ನಾಲ್ಕು ತೂತುಗಳ ಮೇಲೆ ಎರಡು ಮೊಕದ್ದಮೆ ನಡೆದವು.

ಅಮ್ಮ, ಅಣ್ಣ, ಅಮೆರಿಕದಲ್ಲಿರುವ ಅಕ್ಕ, ಬೆಂಗಳೂರಿನಲ್ಲಿರುವ ನಾನು. ಹಕ್ಕುದಾರರು ನಾಲ್ಕೇ ಜನ. ಮನೆಯ ಗೋಳನ್ನು ಇಲ್ಲಿ ಹೇಳುವುದಿಲ್ಲ. ಯಾವ ಕಾಗದ ಯಾವಾಗ ಬೇಕಾಯಿತು, ಯಾವುದು ಕೈಕೊಟ್ಟಿತು, ಏಕೆ ಎಂಬುದಷ್ಟನ್ನು ಬರೆಯುತ್ತೇನೆ. ಇದೇ ಹಾದಿಯಲ್ಲಿ ಕಾಲಿಡುತ್ತಿರುವವರಿಗೆ ಮೊದಲ ಮೂರು ತಿಂಗಳಲ್ಲಿ ಬೇಕಾಗುವುದು ಅದೇ.

ಎಲ್ಲಕ್ಕಿಂತ ಮೊದಲು ಲೆಕ್ಕ. ಮನೆ ತೀರಿಹೋದವರ ಸ್ವಯಾರ್ಜಿತವೋ ಪಿತ್ರಾರ್ಜಿತವೋ? ಜಗಳವಾಡುವ ಅರ್ಧ ಮನೆಗಳಲ್ಲಿ ಈ ಎರಡು ಮಾತನ್ನು ಬೇಕಾದ ಹಾಗೆ ಬಳಸುತ್ತಾರೆ. ಅಪ್ಪ ತನ್ನ ಸಂಬಳದಲ್ಲಿ ಕೊಂಡ ಸೈಟು, ಕಟ್ಟಿದ ಮನೆ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು, ಹೆಂಡತಿ ಮಕ್ಕಳನ್ನು ಬಿಟ್ಟು ಹೊರಗಿನವರಿಗೂ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿಹೋದವರ ತಾಯಿ, ಇಷ್ಟೂ ಜನಕ್ಕೆ ಸಮಪಾಲು. ನಮ್ಮಲ್ಲಿ ಅಜ್ಜಿ ಇರಲಿಲ್ಲ, ಆದ್ದರಿಂದ ತಲಾ ಕಾಲುಪಾಲು. ಮಗನೊಬ್ಬ ತಂದೆಗಿಂತ ಮೊದಲೇ ಹೋಗಿದ್ದರೆ ಅವನ ಹೆಂಡತಿ ಮಕ್ಕಳೆಲ್ಲ ಸೇರಿ ಅವನ ಒಂದು ಪಾಲು ಪಡೆಯುತ್ತಾರೆ, ತಲೆಗೊಂದು ಪಾಲಲ್ಲ. "ಅಜ್ಜನ ಮನೆ, ನಮಗೂ ಹುಟ್ಟಿನಿಂದ ಹಕ್ಕಿದೆ" ಎಂದು ಅಣ್ಣನ ಮಗ ಒಂದು ಸಲ ಹೇಳಿದ್ದುಂಟು. ಅಜ್ಜನ ಸ್ವಯಾರ್ಜಿತ 8ನೇ ಕಲಮಿನಲ್ಲಿ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿ, ಮೊಮ್ಮಗನಿಗೆ ಹುಟ್ಟಿನಿಂದ ಏನೂ ಬರುವುದಿಲ್ಲ. ಸುಪ್ರೀಂ ಕೋರ್ಟು ಇದನ್ನು 1986ರಲ್ಲೇ ಹೇಳಿದೆ.

ಪಿತ್ರಾರ್ಜಿತವಾದರೆ ಕಥೆ ಬೇರೆ. ಅಲ್ಲಿ ತಂದೆ ತನ್ನ ಪಾಲನ್ನಷ್ಟೇ ವಿಲ್ ಬರೆಯಬಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ಆ ದಿನ ತಂದೆ ಬದುಕಿರಬೇಕಾಗಿತ್ತೇ ಎಂಬ ತಕರಾರನ್ನು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಗಿಸಿತು, ಬದುಕಿರಬೇಕಾಗಿಲ್ಲ ಎಂದು. ಇನ್ನೊಂದು ಹಳೆಯ ನಂಬಿಕೆಯೂ ಹೋಗಬೇಕು: ವಾಸದ ಮನೆಯಲ್ಲಿ ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದು 23ನೇ ಕಲಮಿನಲ್ಲಿ ಇದ್ದದ್ದು ನಿಜ, 2005ರಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಪಾಲಿನ ನಿಯಮ ಬೇರೆ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಿಲ್ ಬರೆಯಲು ಆಗದು.

ಹನ್ನೆರಡನೇ ದಿನ ಕಳೆದ ಮೇಲೆ ಮೊದಲು ಕೂಡಿಸಬೇಕಾದದ್ದು ಕಾಗದ. ಮರಣ ಪ್ರಮಾಣಪತ್ರದ ಹತ್ತು ಪ್ರತಿ. ಮನೆಯ ಮೂಲ ಕ್ರಯಪತ್ರ, ಕಂದಾಯ ರಸೀದಿ, ಖಾತಾ ನಕಲು. ಮೂಲಪತ್ರ ಯಾರ ಬೀರುವಿನಲ್ಲಿದೆಯೋ ಅವರು ಕೊಡದಿದ್ದರೂ ಹೆದರಬೇಕಿಲ್ಲ: ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಇತ್ತೀಚಿನವು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲೇ ಸಿಗುತ್ತವೆ. ಜೊತೆಗೆ ಋಣಭಾರ ಪತ್ರ, ಅಂದರೆ ಇಸಿ, ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. 2004ರಿಂದೀಚಿನದು ಆನ್‌ಲೈನಿನಲ್ಲಿ ಬರುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಹಾಕಬೇಕು. ವ್ಯವಹಾರ ಇದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ಇಸಿ ನೋಡಿ ನಿಶ್ಚಿಂತೆಯಿಂದ ಕೂರಬೇಡಿ. ನೋಂದಣಿಯಾಗದ ವಿಲ್ ಅದರಲ್ಲಿ ಕಾಣುವುದಿಲ್ಲ, ಕೋರ್ಟಿನಲ್ಲಿರುವ ದಾವೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬೇಕು.

ಆಮೇಲೆ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ಅಫಿಡವಿಟ್ಟು, ಸ್ಥಳ ವಿಚಾರಣೆ, ಆಮೇಲೆ ಸಹಿ. ನನ್ನ ಲೆಕ್ಕದಲ್ಲಿ ಮನೆ ಜಗಳಗಳ ಬೇರು ಇರುವುದು ಈ ಒಂದು ಹಾಳೆಯಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವುದು, ತೀರಿಹೋದ ಮಗನ ಹೆಂಡತಿಯನ್ನು ಬಿಡುವುದು, ಮೊದಲ ಹೆಂಡತಿಯ ಮಕ್ಕಳನ್ನು ಬಿಡುವುದು. "ಅವಳು ಏನೂ ಕೇಳಲ್ಲ ಅಂದಿದಾಳೆ, ಯಾಕೆ ಸುಮ್ಮನೆ ಅವಳನ್ನ ಓಡಾಡಿಸೋದು" ಎಂದು ಒಳ್ಳೆಯ ಮನಸ್ಸಿನಿಂದಲೇ ಬಿಡುವವರಿದ್ದಾರೆ. ಆದರೆ ಕೇಳುವುದಿಲ್ಲ ಎನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಕ್ಕು ಬಿಡಬೇಕಾದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರವೇ ಆಗಬೇಕು. ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷದ ಮೇಲೆ ಖಾತೆ ಮಾಡಿಸಿ, ಆ ಖಾತೆಯ ಮೇಲೆ ಮನೆ ಮಾರಿ, ಹತ್ತು ವರ್ಷದ ಮೇಲೆ ಕೊಂಡವರ ಸಮೇತ ಎಲ್ಲರೂ ಕೋರ್ಟಿನ ಕಟ್ಟೆ ಹತ್ತಿದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇವೆ. ಊರ್ಜಿತವಲ್ಲದ ಮದುವೆಯ ಮಕ್ಕಳಿಗೂ ತಂದೆತಾಯಿಯ ಆಸ್ತಿಯಲ್ಲಿ ಪಾಲಿದೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಮುಜುಗರದ ಹೆಸರು ಎಂದು ಪಟ್ಟಿಯಿಂದ ಬಿಟ್ಟರೆ ಆ ಹೆಸರು ಮುಂದೊಂದು ದಿನ ಸಮನ್ಸ್ ಆಗಿ ಬರುತ್ತದೆ.

ಖಾತೆಯ ಬಗ್ಗೆ ಒಂದು ಮಾತು. ಅಣ್ಣ ವಿಲ್ ತೋರಿಸಿ ನಾಲ್ಕೇ ತಿಂಗಳಲ್ಲಿ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡ. ಅಕ್ಕನಿಗೆ ಅದು ಗೊತ್ತಾದ ದಿನ ಎಲ್ಲ ಮುಗಿದುಹೋಯಿತು ಎಂದು ಅತ್ತಳು. ಏನೂ ಮುಗಿದಿರಲಿಲ್ಲ. ಖಾತೆ ಕಂದಾಯ ಯಾರು ಕಟ್ಟಬೇಕು ಎನ್ನುವ ದಾಖಲೆ, ಹಕ್ಕಿನ ದಾಖಲೆಯಲ್ಲ. ಬ್ಯಾಂಕಿನ ನಾಮಿನಿಯೂ ಹಾಗೆಯೇ, ಹಣ ತೆಗೆದುಕೊಳ್ಳುವ ಕೈ ಮಾತ್ರ, ಒಡೆಯನಲ್ಲ. ಆದರೂ ತಕರಾರು ಇರುವವರು ಅಪ್ಪ ಹೋದ ಮೊದಲ ವಾರಗಳಲ್ಲೇ ನಗರಪಾಲಿಕೆಗೆ ಲಿಖಿತ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಖಾತೆ ಬದಲಾದರೆ ಸಾಲ ಪಡೆಯುವುದು, ಮಾರಲು ಮಾತಾಡುವುದು ಸುಲಭವಾಗುತ್ತದೆ, ಭಯ ಇರುವುದು ಅಲ್ಲಿ.

ಈಗ ಪ್ರೊಬೇಟ್, ಅಂದರೆ ವಿಲ್ ನಿಜವೆಂದು ಕೋರ್ಟು ಕೊಡುವ ದೃಢೀಕರಣ. ಕರ್ನಾಟಕದಲ್ಲಿರುವ ಮನೆಗೆ ಇಲ್ಲೇ ಬರೆದ ಹಿಂದೂ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಇರಲೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯ, ಮುಂಬಯಿ ಮತ್ತು ಮದ್ರಾಸು ನಗರಗಳ ಲೆಕ್ಕದಲ್ಲಿ. 2025ರ ಕೊನೆಯಲ್ಲಿ ಸಂಸತ್ತು ಆ ಕಲಮನ್ನೂ ತೆಗೆಯಿತು. ಹಾಗಾದರೆ ಅಣ್ಣ ಏಕೆ ಕೋರ್ಟಿಗೆ ಹೋದ? ವಿಲ್ ನೋಂದಣಿಯಾಗಿರಲಿಲ್ಲ, ತಂಗಿ ತಮ್ಮ ಒಪ್ಪುತ್ತಿರಲಿಲ್ಲ, ಬ್ಯಾಂಕು ಸಾಲಕ್ಕೆ ಕೋರ್ಟಿನ ಮೊಹರು ಕೇಳಿತು. ಜಗಳವಿಲ್ಲದ ಮನೆಯಲ್ಲಿ ಪ್ರೊಬೇಟಿಗೆ ಓಡುವುದು ಸಮಯ ದಂಡ, ಎಲ್ಲರೂ ಸಹಿ ಹಾಕಿ ವಿಲ್ ಒಪ್ಪಿದರೆ ಸಾಕು. ಜಗಳ ಇದ್ದ ಕಡೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಒಮ್ಮೆ ಕೊಟ್ಟ ಪ್ರೊಬೇಟ್ ಎಲ್ಲರನ್ನೂ ಕಟ್ಟುತ್ತದೆ.

ಪ್ರೊಬೇಟ್ ಕೇಳಲು ವಿಲ್‌ನಲ್ಲಿ ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು, ಎಂದು ಹೆಸರಿಸಿದವರಿಗೆ ಮಾತ್ರ ಅಧಿಕಾರ. ಅಪ್ಪನ ವಿಲ್‌ನಲ್ಲಿ ಅಂಥ ಹೆಸರೇ ಇರಲಿಲ್ಲ. ಹೀಗಿದ್ದಾಗ ಕೇಳಬೇಕಾದದ್ದು ವಿಲ್ ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಿಸಲು ಕೋರ್ಟು ಕೊಡುವ ಅಧಿಕಾರಪತ್ರ. ಅದಕ್ಕೆ ಜಾಮೀನು ಬಾಂಡನ್ನೂ ಕೊಡಬೇಕಾಗುತ್ತದೆ. ಅಣ್ಣನ ಮೊದಲ ಅರ್ಜಿ ಪ್ರೊಬೇಟ್ ಎಂದೇ ಹೋಗಿ, ತಿದ್ದುಪಡಿಗೆ ಐದು ತಿಂಗಳು ಹೋಯಿತು. ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ, ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟಿಗೆ. ಕೇಸಿಗೆ ಪಿ ಅಂಡ್ ಎಸ್‌ಸಿ (ಪ್ರೊಬೇಟ್ ಅಂಡ್ ಸಕ್ಸೆಷನ್ ಕೇಸ್) ನಂಬರು ಬೀಳುತ್ತದೆ. ಸಕ್ಸೆಷನ್ ಸರ್ಟಿಫಿಕೇಟಿಗೂ ಅದೇ ನಂಬರು, ಹಾಗಾಗಿ ಎರಡನ್ನೂ ಒಂದೇ ಎಂದುಕೊಂಡವರುಂಟು. ಸಕ್ಸೆಷನ್ ಸರ್ಟಿಫಿಕೇಟು ಬ್ಯಾಂಕಿನ ಹಣ, ಷೇರು, ಬರಬೇಕಾದ ಸಾಲಗಳಿಗೆ ಮಾತ್ರ. ಅದರಿಂದ ಮನೆ ಬರುವುದಿಲ್ಲ.

ಅರ್ಜಿಯೊಂದಿಗೆ ಮೂಲ ವಿಲ್, ಆಸ್ತಿ ಪಟ್ಟಿ ಮತ್ತು ಬೆಲೆ, ಹತ್ತಿರದ ಸಂಬಂಧಿಕರೆಲ್ಲರ ಹೆಸರು ವಿಳಾಸ, ಸಿಕ್ಕುವಂತಿದ್ದರೆ ಒಬ್ಬ ಸಾಕ್ಷಿಯ ದೃಢೀಕರಣ. ಕೋರ್ಟು ಎಲ್ಲರಿಗೂ ನೋಟೀಸು ಕಳಿಸುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸುತ್ತದೆ. ತಕರಾರು ಇದ್ದವರು ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಕೊಡಬಾರದೆಂಬ ಅರ್ಜಿ, ಹಾಕಿ ಆಕ್ಷೇಪಣೆ ಸಲ್ಲಿಸಿದ ಕೂಡಲೇ ಅರ್ಜಿ ಮಾಮೂಲಿ ದಾವೆಯ ರೂಪ ತಾಳುತ್ತದೆ: ವಿವಾದಾಂಶ, ಸಾಕ್ಷ್ಯ, ಪಾಟೀಸವಾಲು, ವಾದ. ಅರ್ಜಿ ಹಾಕಲು ಮೂರು ವರ್ಷದ ಕಾಲಮಿತಿ ಅನ್ವಯಿಸುತ್ತದೆ. ವಿಲ್ ಕೈಯಲ್ಲಿದೆ, ಯಾವಾಗ ಬೇಕಾದರೂ ಹಾಕೋಣ ಎಂದು ಕೂರಬಾರದು. ಇನ್ನೊಂದು ತಿಳಿದಿರಬೇಕು. ಈ ಕೋರ್ಟು ನೋಡುವುದು ವಿಲ್ ನಿಜವೇ, ಕ್ರಮಬದ್ಧವಾಗಿ ಆಗಿದೆಯೇ ಎಂಬುದನ್ನು ಮಾತ್ರ. ಮನೆ ನಿಜಕ್ಕೂ ಅಪ್ಪನದ್ದೇ, ಪಿತ್ರಾರ್ಜಿತವೇ ಎಂಬ ಪ್ರಶ್ನೆ ಅಲ್ಲಿ ತೀರ್ಮಾನವಾಗದು.

ಸಾಕ್ಷಿಯ ವಿಷಯದಲ್ಲಿ ನಿಧಾನಿಸುತ್ತೇನೆ, ಏಕೆಂದರೆ ವಿಲ್ ನಿಲ್ಲುವುದೂ ಬೀಳುವುದೂ ಅಲ್ಲೇ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ವಕೀಲರೇ ಬರೆಯಬೇಕೆಂದಿಲ್ಲ. ಬೇಕಾದದ್ದು ಅದೇ 1925ರ ಕಾಯ್ದೆಯ 63ನೇ ಕಲಮಿನ ಪ್ರಕಾರ ಬರೆದವರ ಸಹಿ, ಆ ಸಹಿ ಹಾಕುವುದನ್ನು ಕಂಡ ಅಥವಾ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು, ಆ ಇಬ್ಬರೂ ಬರೆದವರ ಎದುರಿನಲ್ಲಿ ಹಾಕಿದ ಸಹಿ. ಇಬ್ಬರೂ ಒಂದೇ ಹೊತ್ತಿನಲ್ಲಿ ಇರಬೇಕೆಂದಿಲ್ಲ. ಕೋರ್ಟಿನಲ್ಲಿ ಅವರಲ್ಲಿ ಒಬ್ಬರನ್ನಾದರೂ ಕರೆಸಿ ಹೇಳಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 68ನೇ ಕಲಮು, 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮು.

ನಮ್ಮ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಅಪ್ಪನ ಜೊತೆ ಕೆಲಸ ಮಾಡಿದವರು, ಹಾಸನದಲ್ಲಿ ಮಗನ ಮನೆಯಲ್ಲಿದ್ದರು. ಪ್ರಾಮಾಣಿಕ ಮನುಷ್ಯ. ಪಾಟೀಸವಾಲಿನಲ್ಲಿ ನಡೆದದ್ದು ಹೀಗೆ:

"ನೀವು ಹೋದಾಗ ಮನೇಲಿ ಯಾರಿದ್ರು?"

"ರಾಯರು, ಅವರ ದೊಡ್ಡ ಮಗ."

"ಎಷ್ಟು ಹಾಳೆ ಇತ್ತು?"

"ಸಹಿ ಹಾಕೋ ಹಾಳೆ ತೋರಿಸಿದ್ರು. ಹಿಂದಿಂದು ನೋಡಲಿಲ್ಲ."

"ಇನ್ನೊಬ್ಬ ಸಾಕ್ಷಿ ನಿಮ್ಮ ಎದುರಿಗೆ ಸಹಿ ಹಾಕಿದ್ರಾ?"

"ಇಲ್ಲ ಸ್ವಾಮಿ, ಅವರು ಆಗಲೇ ಹಾಕಿ ಹೋಗಿದ್ರು."

ಮೂರು ಉತ್ತರ, ಮೂರು ಪೆಟ್ಟು. ಒಬ್ಬನೇ ಸಾಕ್ಷಿ ಬಂದರೆ ಅವನು ತನ್ನ ಸಹಿಯ ಜೊತೆಗೆ ಇನ್ನೊಬ್ಬನ ಸಹಿಯೂ ಕ್ರಮವಾಗಿ ಆಯಿತೆಂದು ಹೇಳಬಲ್ಲವನಾಗಿರಬೇಕು. ಸುಪ್ರೀಂ ಕೋರ್ಟು 2002ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಇವರು ಅದನ್ನು ಹೇಳಲಾರದೆ ಹೋದರು. ಸಾಕ್ಷಿ ಒಂದೇ ಹಾಳೆ ಕಂಡದ್ದರಿಂದ ಮೊದಲ ಹಾಳೆಯ ಅನುಮಾನ ಇನ್ನೂ ಬಲವಾಯಿತು. ಇಡೀ ಮನೆ ಪಡೆಯುವ ಮಗನೇ ಸಹಿಯ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಎಂಬುದೂ ದಾಖಲಾಯಿತು. ಅನುಮಾನದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ವಿಲ್ ಮುಂದಿಡುವವರದ್ದೇ ಎಂದು ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಉಲ್ಲೇಖಿಸುವ ಸುಪ್ರೀಂ ಕೋರ್ಟಿನ 1958ರ ತೀರ್ಪು ನಮ್ಮ ಮೈಸೂರು ಹೈಕೋರ್ಟಿನಿಂದಲೇ ಹೋದದ್ದು, ವೆಂಕಟಾಚಲ ಅಯ್ಯಂಗಾರ್ ಪ್ರಕರಣ. ಲಾಭ ಪಡೆಯುವವನೇ ಓಡಾಡಿ ವಿಲ್ ಮಾಡಿಸಿದ್ದರೆ, ಹತ್ತಿರದವರನ್ನು ಕಾರಣ ಬರೆಯದೆ ಬಿಟ್ಟಿದ್ದರೆ, ಬರೆದವರು ಕಾಯಿಲೆಯಲ್ಲಿದ್ದರೆ, ಸಹಿ ನಡುಗಿದ್ದರೆ, ಇವೆಲ್ಲ ಅನುಮಾನದ ಸಂದರ್ಭಗಳು. ನೋಂದಣಿಯಾದ ವಿಲ್ ಆದರೂ ಈ ಹೊಣೆ ತಪ್ಪುವುದಿಲ್ಲ.

ಸಹಿ ನಮ್ಮ ಅಪ್ಪನದ್ದೇ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಅದೇ ಕಾಲದ ಒಪ್ಪಿತ ಸಹಿಗಳು ಬೇಕಾಗುತ್ತಿದ್ದವು: ಬ್ಯಾಂಕಿನ ಚೆಕ್ಕು, ಪಿಂಚಣಿಯ ಜೀವಿತ ಪ್ರಮಾಣಪತ್ರ. ಇಪ್ಪತ್ತು ವರ್ಷದ ಹಿಂದಿನ ಸಹಿಯೊಂದಿಗೆ ಹೋಲಿಸಿ ತಜ್ಞರು ಕೊಟ್ಟ ಅಭಿಪ್ರಾಯ ನಿಲ್ಲುವುದು ಕಷ್ಟ. ತಜ್ಞರ ವರದಿ ಎಷ್ಟಾದರೂ ಅಭಿಪ್ರಾಯವೇ.

ವಿಲ್‌ನಲ್ಲಿ ಇನ್ನೊಂದು ತೊಡಕು ಚಕ್ಕುಬಂದಿಯದು. ನಗರಾಭಿವೃದ್ಧಿ ಪ್ರಾಧಿಕಾರದ ಕ್ರಯಪತ್ರದಲ್ಲಿ ಸೈಟು 9×12 ಮೀಟರ್ ಎಂದಿದೆ. ವಿಲ್‌ನಲ್ಲಿ ಎಲ್ಲರೂ ಬಾಯಲ್ಲಿ ಹೇಳುವಂತೆ 30×40 ಅಡಿ ಎಂದು ಬರೆಸಿದ್ದರು. 9×12 ಮೀಟರ್ ಅಂದರೆ 108 ಚದರ ಮೀಟರ್, ಸುಮಾರು 1,162 ಚದರ ಅಡಿ. 30×40 ಅಂದರೆ 1,200. ಮೂವತ್ತೆಂಟು ಚದರ ಅಡಿಯ ವ್ಯತ್ಯಾಸದಿಂದ ವಿಲ್ ಬೀಳುವುದಿಲ್ಲ, ಆದರೆ ಮುಂದೆ ಬರೆಯುವ ಪ್ರತಿ ಪತ್ರದಲ್ಲೂ ಅದೇ ತಪ್ಪು ನಕಲಾಗುತ್ತ ಹೋಗಿ ಇ-ಖಾತೆಯ ಹೊತ್ತಿಗೆ ಅಳತೆ ತಾಳೆಯಾಗದೆ ನಿಲ್ಲುತ್ತದೆ. ಮೂಲಪತ್ರದಲ್ಲಿರುವ ಅಳತೆ, ಸೈಟ್ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಅಕ್ಷರ ತಪ್ಪದೆ ಇಳಿಸಬೇಕು. ಬಾಗಿಲ ನಂಬರು ಬದಲಾಗಿದ್ದರೆ ಹಳೆಯದು ಹೊಸದು ಎರಡನ್ನೂ ಬರೆಯಬೇಕು.

ಅಷ್ಟರಲ್ಲಿ ಅಕ್ಕ ಬೇರೆಯಾಗಿ ಪಾಲು ದಾವೆ ಹೂಡಿದ್ದಳು. ಅಮೆರಿಕದಿಂದ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರಪತ್ರ, ಕಳಿಸಿದ್ದಳು. ವಿದೇಶದಲ್ಲಿ ಬರೆದ ಜಿಪಿಎಯನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿರಬೇಕು, ಇಲ್ಲವೇ ನೋಟರಿ ಮಾಡಿಸಿ ಅಪೊಸ್ಟಿಲ್ ಎಂಬ ಅಲ್ಲಿನ ಸರ್ಕಾರದ ದೃಢೀಕರಣ ಹಾಕಿಸಿರಬೇಕು. ಇಲ್ಲಿ ಕೈಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಲಕೋಟೆಯ ಮೇಲಿನ ದಿನಾಂಕವೇ ಆಧಾರವಾದ್ದರಿಂದ ಲಕೋಟೆಯನ್ನು ಬಿಸಾಡಬೇಡಿ. ಜಿಪಿಎ ಇದ್ದವರು ಕೋರ್ಟಿನಲ್ಲಿ ಓಡಾಡಬಹುದು, ಕಾಗದ ಸಲ್ಲಿಸಬಹುದು. ಆದರೆ ಅಕ್ಕನಿಗಷ್ಟೇ ಗೊತ್ತಿರುವ ಸಂಗತಿಯನ್ನು ಅವಳ ಬದಲು ಕಟಕಟೆಯಲ್ಲಿ ನಿಂತು ಹೇಳಲಾಗದು. ಅವಳೇ ಬರಬೇಕಾಯಿತು.

ಪಾಲು ದಾವೆಯ ಕೋರ್ಟ್ ಶುಲ್ಕ ಕೇಳಿದರೆ ಜನ ನಂಬುವುದಿಲ್ಲ. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಎಂದು ದಾವೆ ಹಾಕಿದರೆ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35(2)ನೇ ಕಲಮಿನಲ್ಲಿ ಹೆಚ್ಚೆಂದರೆ 200 ರೂಪಾಯಿ. ನನ್ನನ್ನು ಹೊರಹಾಕಿದ್ದಾರೆ ಎಂದು ವಾದಪತ್ರದಲ್ಲಿ ಬರೆದರೆ 35(1), ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ, ಲಕ್ಷದ ಲೆಕ್ಕ. ಸಿಟ್ಟಿನಲ್ಲಿ "ಮನೆಯಿಂದ ಆಚೆ ತಳ್ಳಿದರು" ಎಂದು ಬರೆಸುವ ಮೊದಲು ಇದನ್ನು ತಿಳಿದಿರಬೇಕು. ಸಹಹಕ್ಕುದಾರ ಒಬ್ಬನ ಸ್ವಾಧೀನ ಕಾನೂನಿನ ಕಣ್ಣಿಗೆ ಎಲ್ಲರ ಸ್ವಾಧೀನವೇ. ದೂರದಲ್ಲಿದ್ದ ಮಾತ್ರಕ್ಕೆ ಹೊರಗಿಟ್ಟಂತೆ ಆಗುವುದಿಲ್ಲ. ಜೊತೆಗೆ ಮಾರಬಾರದು, ಅಡವಿಡಬಾರದು ಎಂಬ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ ಹಾಕಬೇಕು. ತಡೆಯಾಜ್ಞೆ ಸಿಗದಿದ್ದರೂ ದಾವೆ ನಡೆಯುತ್ತಿರುವಾಗ ಕೊಂಡವರು ತೀರ್ಪಿಗೆ ಬದ್ಧರು.

ಗೆದ್ದರೂ ಅಲ್ಲಿಗೆ ಮುಗಿಯದು. ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಎಂದಷ್ಟೇ. ಮನೆಯನ್ನು ನಿಜಕ್ಕೂ ಭಾಗ ಮಾಡಲು ಎಫ್‌ಡಿಪಿ ಎಂಬ, ಅಂದರೆ ಅಂತಿಮ ಡಿಕ್ರಿಗಾಗಿ ನಡೆಯುವ, ಇನ್ನೊಂದು ಸುತ್ತು: ಕೋರ್ಟ್ ಕಮಿಷನರ್ ಬಂದು ಅಳೆಯುತ್ತಾರೆ, ನಕ್ಷೆ ಹಾಕುತ್ತಾರೆ, ಎಲ್ಲರೂ ಅದಕ್ಕೆ ಆಕ್ಷೇಪಣೆ ಹಾಕುತ್ತಾರೆ. 9×12ರ ಸೈಟನ್ನು ನಾಲ್ಕು ಭಾಗ ಮಾಡಿದರೆ ತಲಾ 27 ಚದರ ಮೀಟರ್. ಮೆಟ್ಟಿಲು ಒಂದು, ಸಂಪು ಒಂದು, ಕಕ್ಕಸಿನ ಪೈಪು ಒಂದು. ಇಂಥ ಮನೆಗೆ 1893ರ ವಿಭಾಗ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿನವರು ಕೇಳಿದರೆ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು. ಆಗ ಉಳಿದ ಪಾಲುದಾರರು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಎನ್ನಬಹುದು. ಯಾರಾದರೂ ತಮ್ಮ ಪಾಲನ್ನು ಹೊರಗಿನವರಿಗೆ ಮಾರಿಬಿಟ್ಟಿದ್ದರೂ, ಆ ಹೊರಗಿನವರು ಪಾಲು ಕೇಳಿ ಕೋರ್ಟಿಗೆ ಬಂದಾಗ 4ನೇ ಕಲಮಿನಲ್ಲಿ ಮನೆಯವರು ಆ ಪಾಲನ್ನು ಕೊಂಡು ಮನೆ ಉಳಿಸಿಕೊಳ್ಳಬಹುದು. ಈ ಕೊನೆಯ ಕಲಮು ಬಹಳ ವಕೀಲರ ಬಾಯಲ್ಲೂ ಬರುವುದಿಲ್ಲ, ನೆನಪಿಟ್ಟುಕೊಳ್ಳಿ.

ಸಾಕ್ಷಿಯ ಪಾಟೀಸವಾಲು ಮುಗಿದ ಮೇಲೆ ಅಣ್ಣನಿಗೆ ವಿಲ್ ನಿಲ್ಲುವುದು ಕಷ್ಟ ಎಂದು ಕಂಡಿತು. ಎಫ್‌ಡಿಪಿಯ ಹಾದಿ ನೋಡಿ ಅಕ್ಕನಿಗೂ ಸಾಕೆನ್ನಿಸಿತು. ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ಧೈರ್ಯದಿಂದಲೇ ಜನ ಬಾಯಿ ಬಿಡುವುದು. ಆರು ಬೈಠಕ್ಕುಗಳಲ್ಲಿ ಹೆಚ್ಚು ಹೊತ್ತು ತಿಂದದ್ದು ಪಾಲಿನ ಪ್ರಮಾಣವಲ್ಲ, ಅಣ್ಣ ತನ್ನ ದುಡ್ಡಿನಲ್ಲಿ ಕಟ್ಟಿಸಿದ ಮೇಲಿನ ಮಹಡಿ. ನಮಗೆ ದಾರಿ ತೋರಿದ ಲೆಕ್ಕ ಇದು: ಖರ್ಚು ಮಾಡಿದ್ದೆಷ್ಟು ಎಂದು ರಸೀದಿ ಹುಡುಕುವ ಬದಲು, ಆ ಮಹಡಿಯಿಂದ ಇವತ್ತು ಮನೆಯ ಬೆಲೆ ಎಷ್ಟು ಹೆಚ್ಚಿದೆ ಎಂದು ಇಬ್ಬರು ನೋಂದಾಯಿತ ಮೌಲ್ಯಮಾಪಕರಿಂದ ಕೇಳಿ, ಸರಾಸರಿ ತೆಗೆದು, ಒಟ್ಟು ಬೆಲೆಯಿಂದ ಮೊದಲೇ ಕಳೆಯುವುದು. ಉದಾಹರಣೆಗೆ ಒಟ್ಟು 80 ಲಕ್ಷ, ಮಹಡಿಯ ಬೆಲೆ 8 ಲಕ್ಷ ಎಂದಾದರೆ ಪಾಲಾಗುವುದು 72 ಲಕ್ಷ, ತಲಾ 18. ಅಣ್ಣನಿಗೆ 18 ಮತ್ತು 8. ನೆಲ ಮತ್ತು ಕಟ್ಟಡಕ್ಕೆ ಬೇರೆ ಬೇರೆ ಬೆಲೆ ಬರೆಸಬೇಕು, ನೆಲ ಏರುತ್ತದೆ, ಕಟ್ಟಡ ಸವೆಯುತ್ತದೆ. ಸರ್ಕಾರದ ಮಾರ್ಗಸೂಚಿ ಬೆಲೆ ಮುದ್ರಾಂಕಕ್ಕೆ, ಪಾಲು ಕೊಡುವ ಬೆಲೆಗಲ್ಲ.

ರಾಜಿಯನ್ನು ಪಾಲು ದಾವೆಯಲ್ಲಿ ರಾಜಿ ಅರ್ಜಿಯಾಗಿ ದಾಖಲಿಸಿ, ಪಿ ಅಂಡ್ ಎಸ್‌ಸಿ ಅರ್ಜಿಯನ್ನು ಹಿಂತೆಗೆದುಕೊಂಡೆವು. ದಾವೆಯಲ್ಲಿರುವ ಆಸ್ತಿಗಷ್ಟೇ ಸಂಬಂಧಿಸಿದ ರಾಜಿ ಡಿಕ್ರಿಗೆ ನೋಂದಣಿ ಬೇಕಿಲ್ಲ. ಆದರೂ ಇಸಿಯಲ್ಲಿ ಕಾಣಲಿ ಎಂದು ಅಕ್ಕ, ನಾನು ಅಣ್ಣನ ಹೆಸರಿಗೆ ಹಕ್ಕು ಖುಲಾಸೆ ಪತ್ರವನ್ನೂ ನೋಂದಾಯಿಸಿದೆವು. ಕುಟುಂಬದೊಳಗಿನ ಖುಲಾಸೆಗೆ ನಿಗದಿತ ಮುದ್ರಾಂಕ, ಹೊರಗಿನವರಿಗಾದರೆ ಮಾರುಕಟ್ಟೆ ಬೆಲೆಯ ಮೇಲೆ. ಕಾಯ್ದೆಯಲ್ಲಿ ಕುಟುಂಬ ಎಂದರೆ ಯಾರ್‍ಯಾರು ಎಂಬ ಪಟ್ಟಿಯಿದೆ, ಬರೆಸುವ ಮೊದಲು ಆ ದಿನದ ದರದೊಂದಿಗೆ ಅದನ್ನೂ ಕೇಳಿಕೊಳ್ಳಿ. ಹಣದ ವಿಷಯದಲ್ಲಿ ಒಂದೇ ಕಟ್ಟುನಿಟ್ಟು ಇಟ್ಟುಕೊಂಡೆವು: ಮುಂದಿನ ದಿನಾಂಕದ ಚೆಕ್ಕು ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಆರ್‌ಟಿಜಿಎಸ್ ಖಾತೆಗೆ ಬಿದ್ದಿರಬೇಕು, ಆ ವರ್ಗಾವಣೆಯ ಗುರುತಾದ ಯುಟಿಆರ್ ನಂಬರು ಪತ್ರದಲ್ಲೇ ಬರೆದಿರಬೇಕು. ಅಕ್ಕ ಅನಿವಾಸಿಯಾದ್ದರಿಂದ ಅವಳ ಹಣದಲ್ಲಿ ಟಿಡಿಎಸ್ ಕಡಿತವಾಯಿತು. ಅದನ್ನು ಕಡಿಯುವ ಹೊಣೆ ಹಣ ಕೊಡುವವನದ್ದು, ಆಡಿಟರನ್ನು ಮೊದಲೇ ಕಂಡಿರಬೇಕು.

ಮನೆಯಲ್ಲೇ ಹಿರಿಯರನ್ನು ಕೂರಿಸಿ ಛಾಪಾ ಕಾಗದದ ಮೇಲೆ ಪಾಲುಪಟ್ಟಿ ಬರೆದುಕೊಳ್ಳೋಣ ಎಂಬ ಸಲಹೆಯೂ ನಮಗೆ ಬಂದಿತ್ತು. ಹಿಂದೆ ಬಾಯಲ್ಲಿ ಆಗಿಹೋದ ವಿಭಾಗವನ್ನು ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಡ. ಆದರೆ ಆ ಕಾಗದವೇ ಇವತ್ತು ಪಾಲು ಹಂಚುವಂತಿದ್ದರೆ ನೋಂದಣಿ ಕಡ್ಡಾಯ. ಇಲ್ಲದಿದ್ದರೆ ಕೋರ್ಟಿನಲ್ಲಿ ಹಕ್ಕಿನ ಆಧಾರವಾಗಿ ಅದು ನಿಲ್ಲದು, ಮುದ್ರಾಂಕ ಕಡಿಮೆಯಿದ್ದರೆ ಕೊರತೆಯ ಜೊತೆ ಹತ್ತು ಪಟ್ಟು ದಂಡ ಬೀಳುತ್ತದೆ. ನೋಟರಿ ಮೊಹರು ನೋಂದಣಿಯಲ್ಲ.

ಅಮ್ಮ ತನ್ನ ಕಾಲುಪಾಲು ಬಿಡಲಿಲ್ಲ. ಎಲ್ಲರೂ ಬಿಟ್ಟ ಮೇಲೆ ನೀವೂ ಒಂದು ಸಹಿ ಹಾಕಿಬಿಡಿ ಅಮ್ಮ ಎಂದು ಪತ್ರ ಬರೆಯುವವರು ಸಹಜವಾಗಿಯೇ ಕೇಳಿದರು. ಬೇಡ ಎಂದವರು ಅಕ್ಕ ಮತ್ತು ನಾನು, ಆಮೇಲೆ ಅಣ್ಣನೂ ಒಪ್ಪಿದ. ಜೀವನಪರ್ಯಂತ ವಾಸದ ಹಕ್ಕು ಎಂದು ಬರೆದುಕೊಟ್ಟರೂ ಅದು ಇನ್ನೊಬ್ಬರ ಮನೆಯಲ್ಲಿ ಇರುವ ಹಕ್ಕು. ಪಾಲು ಇದ್ದರೆ ಅವಳ ಸಹಿಯಿಲ್ಲದೆ ಆ ಮನೆಯನ್ನು ಪೂರ್ತಿಯಾಗಿ ಮಾರಲು ಯಾರಿಂದಲೂ ಆಗದು. ಈಗ ಇ-ಖಾತೆಯಲ್ಲಿ ಎರಡು ಹೆಸರಿದೆ, ಅಣ್ಣನದು ಮತ್ತು ಅಮ್ಮನದು, ಅಳತೆ 9×12 ಮೀಟರ್.

ಹೋದ ವರ್ಷ ಅಮ್ಮ ತನ್ನ ವಿಲ್ ಬರೆಸಿದಳು. ಮೂರು ಹಾಳೆ, ಪ್ರತಿ ಹಾಳೆಯ ಕೆಳಗೂ ಅವಳ ಸಹಿ, ಪುಟಸಂಖ್ಯೆ "3ರಲ್ಲಿ 1" ಎಂಬಂತೆ. ಯಾರಿಗೆ ಏಕೆ ಕೊಡುತ್ತಿದ್ದೇನೆ, ಯಾರಿಗೆ ಏಕೆ ಇಲ್ಲ ಎಂದು ಅವಳ ಮಾತಿನಲ್ಲೇ ನಾಲ್ಕು ಸಾಲು. ಎಕ್ಸಿಕ್ಯೂಟರ್ ಆಗಿ ಸೋದರಮಾವನ ಮಗ. ಅದೇ ದಿನ ಅವಳನ್ನು ಪರೀಕ್ಷಿಸಿದ ಡಾಕ್ಟರ ಪ್ರಮಾಣಪತ್ರ. ಸಾಕ್ಷಿಗಳಿಬ್ಬರೂ ನಲವತ್ತರ ಒಳಗಿನವರು, ಪಾಲು ಪಡೆಯುವವರಲ್ಲ, ಅವರ ಮನೆಯವರೂ ಅಲ್ಲ. ಇಬ್ಬರೂ ಒಟ್ಟಿಗೆ ಕೂತು, ಅವಳು ಸಹಿ ಹಾಕುವುದನ್ನು ನೋಡಿ, ಆಮೇಲೆ ತಮ್ಮ ಸಹಿ, ವಿಳಾಸ, ದಿನಾಂಕ ಹಾಕಿದರು. ನಾವು ಮೂವರೂ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೂ ಸಾಕ್ಷಿಗಳೇ ಅವಳನ್ನು ಕರೆದುಕೊಂಡು ಹೋದರು. ಅದರಲ್ಲಿ ಏನು ಬರೆದಿದ್ದಾಳೆ ಎಂದು ನಾವು ಕೇಳಿಲ್ಲ.